ಘನ ಮಾದರಿಗಳ ಆಮದಿನಲ್ಲಿ ಟಾಲರೆನ್ಸ್ ಆಯ್ಕೆ

ಕ್ಯಾಡ್ ತಂತ್ರಾಂಶದಲ್ಲಿ ರೂಪುಗೊಂಡ ಸಾಲಿಡ್ ಮಾಡೆಲ್ ಅಥವಾ ಘನ ಮಾದರಿಯನ್ನು, ಕಟರ್ ಸಾಗಬೇಕಾದ ದಾರಿಯನ್ನು ಲೆಕ್ಕ ಹಾಕುವ ಕ್ಯಾಮ್ ತಂತ್ರಾಂಶಕ್ಕೆ ತರುವಾಗ ನಿಗದಿ ಮಾಡುವ ಅಂತರದ ಮಿತಿಗಳನ್ನು ಆಮದಿನ ಟಾಲರೆನ್ಸ್ ಎನ್ನುತ್ತಾರೆ. ಈ ಒಂದು ಹೆಸರಿನಡಿ ಮೂರು ಬೇರೆ ಬೇರೆ ಪ್ರಶ್ನೆಗಳು ಸೇರಿಕೊಂಡಿವೆ. ಅಕ್ಕಪಕ್ಕದ ಎರಡು ಮೇಲ್ಮೈಗಳ ಅಂಚುಗಳು ಎಷ್ಟು ಹತ್ತಿರವಿದ್ದರೆ ಅವು ಕೂಡಿವೆ ಎಂದು ಎಣಿಸಬೇಕು ಎಂಬುದು ಮೊದಲನೆಯದು. ಇದು ಹೊಲಿಗೆಯ ಟಾಲರೆನ್ಸ್. ಬಾಗಿದ ಮೇಲ್ಮೈಯನ್ನು ಸಪಾಟು ತ್ರಿಕೋನಗಳಾಗಿ ಒಡೆಯುವಾಗ ನಿಜವಾದ ಬಾಗಿಗೂ ತ್ರಿಕೋನಕ್ಕೂ ನಡುವೆ ಎಷ್ಟು ಅಂತರ ಉಳಿಯಬಹುದು ಎಂಬುದು ಎರಡನೆಯದು. ಇದು ಕಾರ್ಡಲ್ ಟಾಲರೆನ್ಸ್. ಲೆಕ್ಕ ಹಾಕಿದ ಟೂಲ್‌ಪಾತ್ ಮಾದರಿಯಿಂದ ಎಷ್ಟು ಸರಿದರೆ ನಡೆದೀತು ಎಂಬುದು ಮೂರನೆಯದು. ಇದು ಟೂಲ್‌ಪಾತ್‌ನ ಟಾಲರೆನ್ಸ್. ಮೊದಲನೆಯದು ಆಮದಿನ ಕ್ಷಣದಲ್ಲೇ ತೀರ್ಮಾನವಾಗುತ್ತದೆ. ಎರಡನೆಯದು ಕೆಲವು ತಂತ್ರಾಂಶಗಳಲ್ಲಿ ಆಮದಿನಲ್ಲೂ ಇನ್ನು ಕೆಲವುಗಳಲ್ಲಿ ಮುಂದಿನ ಹಂತದಲ್ಲೂ ಬರುತ್ತದೆ. ಮೂರನೆಯದು ಆಮದಿನ ಪರದೆಯಲ್ಲಿ ಕಾಣಿಸದಿದ್ದರೂ ಮೊದಲೆರಡರ ಮೇಲೆ ನಿಂತಿರುತ್ತದೆ.

ನಕಾಶೆಯ ಮೇಲಿನ ಟಾಲರೆನ್ಸ್‌ಗೂ ಇವುಗಳಿಗೂ ವ್ಯತ್ಯಾಸವಿದೆ. 50 ಮಿ.ಮೀ. ವ್ಯಾಸದ ರಂಧ್ರಕ್ಕೆ ಎಚ್7 ಎಂದು ಬರೆದರೆ, ತಯಾರಾದ ರಂಧ್ರ 50.000 ದಿಂದ 50.025 ಮಿ.ಮೀ. ಒಳಗಿರಬೇಕು ಎಂದರ್ಥ. ಅದು ಲೋಹದ ಮೇಲೆ ಹಾಕಿದ ಕರಾರು. ಆಮದಿನ ಟಾಲರೆನ್ಸ್ ಅನ್ವಯಿಸುವುದು ಲೋಹಕ್ಕಲ್ಲ, ಲೆಕ್ಕಕ್ಕೆ. ಇವೆರಡೂ ಒಂದೇ ಏಕಮಾನದಲ್ಲಿ ಬರುವುದರಿಂದಲೇ ಒಂದು ತಪ್ಪು ಗ್ರಹಿಕೆ ಬೇರೂರಿದೆ: ಆಮದಿನ ಅಂಕಿಯನ್ನು ಚಿಕ್ಕದು ಮಾಡಿದಷ್ಟೂ ಬಿಡಿಭಾಗ ನಿಖರವಾಗುತ್ತದೆ ಎಂಬ ನಂಬಿಕೆ. ಹೊಲಿಗೆಯ ಟಾಲರೆನ್ಸ್ ನಿಖರತೆಯನ್ನು ಹೆಚ್ಚಿಸುವ ತಿರುಪು ಅಲ್ಲವೆಂದೂ, ಯಾವುದು ಒಂದು ಯಾವುದು ಎರಡು ಎಂದು ತಂತ್ರಾಂಶ ತೀರ್ಮಾನಿಸುವ ಮಾನದಂಡವೆಂದೂ, ಆದ್ದರಿಂದ ಅದಕ್ಕೆ ಕೆಳಗಿನಿಂದಲೂ ಮೇಲಿನಿಂದಲೂ ಎಲ್ಲೆಗಳಿವೆಯೆಂದೂ, ಆ ಎಲ್ಲೆಗಳು ಸಿಗುವುದು ಕಳುಹಿಸಿದವರ ಫೈಲ್‌ನಲ್ಲೇ ಎಂದೂ ಮುಂದಿನ ವಿವರಣೆಯಿಂದ ತಿಳಿಯುತ್ತದೆ.

ಅಂಚುಗಳ ನಡುವೆ ಸಂದು ಮೂಡುವ ಬಗೆ

ಇಂದಿನ ಹೆಚ್ಚಿನ ಘನ ಮಾದರಿಗಳು ವಸ್ತುವಿನ ಒಡಲನ್ನು ನೇರವಾಗಿ ವರ್ಣಿಸುವುದಿಲ್ಲ. ಅದರ ಹೊರ ಎಲ್ಲೆಯನ್ನು ವರ್ಣಿಸುತ್ತವೆ. ಮುಖಗಳು, ಮುಖಗಳು ಸೇರುವ ಅಂಚುಗಳು, ಅಂಚುಗಳು ಸೇರುವ ಮೂಲೆಗಳು, ಇವುಗಳಲ್ಲಿ ಯಾವುದು ಯಾವುದಕ್ಕೆ ತಾಗಿದೆ ಎಂಬ ಸಂಬಂಧದ ಪಟ್ಟಿ, ಇಷ್ಟೂ ಸೇರಿ ಒಂದು ಮಾದರಿ. ಸಂಬಂಧದ ಪಟ್ಟಿ ತರ್ಕಕ್ಕೆ ಸೇರಿದ್ದು: ತಾಗಿದೆ ಅಥವಾ ತಾಗಿಲ್ಲ, ನಡುವೆ ಮತ್ತೊಂದಿಲ್ಲ. ಮೇಲ್ಮೈ ಮತ್ತು ಗೆರೆಗಳ ಆಕಾರ ಅಂಕಿಗಳಿಗೆ ಸೇರಿದ್ದು, ಅಂಕಿಗಳಲ್ಲಿ ಯಾವಾಗಲೂ ಅಷ್ಟಿಷ್ಟು ಶೇಷ ಉಳಿಯುತ್ತದೆ. ಆಮದಿನ ತೊಡಕೆಲ್ಲ ಹುಟ್ಟುವುದು ತರ್ಕ ಹೇಳುವುದಕ್ಕೂ ಅಂಕಿ ತೋರಿಸುವುದಕ್ಕೂ ನಡುವೆ. ಎರಡು ಸಮತಲಗಳು ಕೂಡುವ ಅಂಚನ್ನು ಸರಳರೇಖೆಯಾಗಿ ಸ್ವಚ್ಛವಾಗಿ ಬರೆಯಬಹುದು. ಆದರೆ ಮುಕ್ತ ಬಾಗಿನ ಎರಡು ಮೇಲ್ಮೈಗಳು ಕೂಡಿದರೆ ಲೆಕ್ಕ ಕೈಮೀರುತ್ತದೆ. ಎರಡೂ ದಿಕ್ಕಿನಲ್ಲಿ ಮೂರನೇ ಘಾತದ ಸಾಮಾನ್ಯ ಮೇಲ್ಮೈಯೊಂದನ್ನು ಬೀಜಗಣಿತದ ಸಮೀಕರಣವಾಗಿ ಬರೆದರೆ ಅದರ ಘಾತ 18 ರವರೆಗೆ ಹೋಗುತ್ತದೆ. ಅಂಥ ಎರಡು ಮೇಲ್ಮೈಗಳು ಕೂಡುವ ಗೆರೆಯ ಘಾತ 18 ನ್ನು 18 ರಿಂದ ಗುಣಿಸಿದಷ್ಟು, ಅಂದರೆ 324 ರವರೆಗೆ ಏರಬಲ್ಲದು. ಅದನ್ನು ಹಾಗೇ ಇಟ್ಟುಕೊಳ್ಳುವ ತಂತ್ರಾಂಶವಿಲ್ಲ. ಅದರ ಬದಲು ನಿಜವಾದ ಗೆರೆಗೆ ಹತ್ತಿರದಲ್ಲಿ ಸಾಗುವ ಸ್ಪ್ಲೈನ್ ಒಂದನ್ನು ಇಟ್ಟುಕೊಳ್ಳಲಾಗುತ್ತದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಒಂದೇ ಅಂಚಿಗೆ ಸಾಮಾನ್ಯವಾಗಿ ಮೂರು ಪ್ರತಿಗಳಿರುತ್ತವೆ: ಮೂರು ಆಯಾಮದ ಅವಕಾಶದಲ್ಲಿ ಸಾಗುವ ಗೆರೆ, ಎಡ ಮುಖದ ಮೇಲೆ ಬರೆದ ಗೆರೆ, ಬಲ ಮುಖದ ಮೇಲೆ ಬರೆದ ಗೆರೆ. ಮೂರೂ ಅಂದಾಜುಗಳೇ, ಮೂರೂ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಮೂಲ ಮಾದರಿಯಲ್ಲೇ, ಯಾರೂ ತಪ್ಪು ಮಾಡದಿದ್ದರೂ, ಪ್ರತಿ ಬಾಗಿದ ಅಂಚಿನಲ್ಲಿ ಒಂದು ಸೂಕ್ಷ್ಮ ಸಂದು ಇರುತ್ತದೆ. ಅದನ್ನು ರಚಿಸಿದ ತಂತ್ರಾಂಶ ತನ್ನ ಒಳಗಿನ ನಿಖರತೆಗಿಂತ ಆ ಸಂದು ಚಿಕ್ಕದೆಂದು ನೋಡಿಕೊಂಡು ಮುಚ್ಚಿದೆ ಎಂದು ಘೋಷಿಸುತ್ತದೆ. ಹಾಗಾಗಿ ಮಾದರಿ ಮುಚ್ಚಿರುವುದು ಆ ತಂತ್ರಾಂಶದ ಅಳತೆಗೋಲಿನಲ್ಲಿ ಮಾತ್ರ. ಅಳತೆಗೋಲು ಬದಲಾದರೆ ಅದೇ ಮಾದರಿ ತೆರೆದುಕೊಳ್ಳಬಹುದು.

ಅಳತೆಗೋಲುಗಳು ಒಂದೇ ಅಲ್ಲ

ಘನ ಮಾದರಿಯ ಲೆಕ್ಕವನ್ನು ನಿಭಾಯಿಸುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಕರ್ನಲ್‌ಗಳಲ್ಲಿ ಎರಡರ ಬೇರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದೆ. 1970ರ ದಶಕದಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇಯಾನ್ ಬ್ರೇಡ್ ಮತ್ತು ಸಂಗಡಿಗರು ನಡೆಸಿದ ಕೆಲಸದ ಪರಂಪರೆಯಲ್ಲಿ ಶೇಪ್ ಡೇಟಾ ಸಂಸ್ಥೆಯ ರೋಮುಲಸ್, ಅನಂತರ ಪ್ಯಾರಾಸಾಲಿಡ್ ಬಂದವು; ಅದೇ ಬಳಗದ ಹಿರಿಯರಿಂದ ಏಸಿಸ್ ಕೂಡ ಹುಟ್ಟಿತು. ಪ್ಯಾರಾಸಾಲಿಡ್ ಈಗ ಸೀಮೆನ್ಸ್ ಸಂಸ್ಥೆಯದು, ಏಸಿಸ್ ಫ್ರಾನ್ಸಿನ ದಸೋ ಸಂಸ್ಥೆಯದು. ಪ್ಯಾರಾಸಾಲಿಡ್ ಮೀಟರಿನಲ್ಲಿ ಲೆಕ್ಕ ಇಡುತ್ತದೆ. ಪ್ರತಿ ಬದಿ 1,000 ಮೀಟರ್ ಇರುವ ಘನದೊಳಗೆ ಅದರ ಉದ್ದದ ನಿಖರತೆ ಒಂದು ಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು, ಅಂದರೆ 0.00001 ಮಿ.ಮೀ. ಏಸಿಸ್‌ನ ವಾಡಿಕೆಯ ಮಿತಿ 0.000001 ಏಕಮಾನ. ಕಾಟಿಯಾ ತಂತ್ರಾಂಶದ ಸಾಮಾನ್ಯ ಶ್ರೇಣಿಯಲ್ಲಿ ಎರಡು ಬಿಂದು ಒಂದೇ ಎಂದು ಎಣಿಸುವ ಅಂತರ 0.001 ಮಿ.ಮೀ. ಕ್ರಿಯೋ ಮತ್ತು ಅದರ ಹಿಂದಿನ ಪ್ರೊಇಂಜಿನಿಯರ್‌ನಲ್ಲಿ ಬಹುಕಾಲ ನಡೆದುಬಂದದ್ದು 0.0012 ಎಂಬ ಸಾಪೇಕ್ಷ ನಿಖರತೆ. ಇದು ಮಾದರಿಯ ಒಟ್ಟು ಗಾತ್ರವನ್ನು ಅನುಸರಿಸುವುದರಿಂದ ಬಿಡಿಭಾಗ ದೊಡ್ಡದಾದಂತೆ ಸಡಿಲಿಕೆಯೂ ದೊಡ್ಡದಾಗುತ್ತದೆ.

ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಕಾಟಿಯಾದ 0.001 ಮಿ.ಮೀ. ಮತ್ತು ಪ್ಯಾರಾಸಾಲಿಡ್‌ನ 0.00001 ಮಿ.ಮೀ. ನಡುವೆ ನೂರು ಪಟ್ಟು ವ್ಯತ್ಯಾಸವಿದೆ. ಮೊದಲನೆಯದರಲ್ಲಿ ನ್ಯಾಯವಾಗಿಯೇ ಕೂಡಿದ್ದ ಅಂಚು ಎರಡನೆಯದರ ಕಣ್ಣಿಗೆ ಬಿಟ್ಟುಕೊಂಡಂತೆ ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ಕಳುಹಿಸಿದವರು ಅಸಡ್ಡೆ ತೋರಿಲ್ಲ, ಓದುವ ತಂತ್ರಾಂಶದಲ್ಲೂ ದೋಷವಿಲ್ಲ. ಇಬ್ಬರ ಅಳತೆಗೋಲು ಬೇರೆ, ಅಷ್ಟೆ. ಈ ಬಿರುಕನ್ನು ನಿಭಾಯಿಸಲು ಪ್ಯಾರಾಸಾಲಿಡ್‌ನಂಥ ಕರ್ನಲ್‌ಗಳು ಅಂಚಂಚಿಗೂ ಬೇರೆ ಟಾಲರೆನ್ಸ್ ಕೊಡುವ ವ್ಯವಸ್ಥೆ ಮಾಡಿಕೊಂಡಿವೆ. ಇಡೀ ಮಾದರಿಯ ನಿಖರತೆಯನ್ನು ಇಳಿಸದೆ, ಸಂದಿರುವ ಅಂಚಿನ ಸುತ್ತ ಮಾತ್ರ ಕೊಳವೆಯಾಕಾರದ ಒಂದು ವಲಯವನ್ನು ಒಪ್ಪಿಕೊಂಡು, ಆ ವಲಯದೊಳಗೆ ಎರಡೂ ಮುಖಗಳ ಗೆರೆ ಬಿದ್ದರೆ ಅಂಚು ಕೂಡಿದೆ ಎಂದು ಬರೆದುಕೊಳ್ಳುತ್ತವೆ. ಹೊಲಿಗೆಯ ಟಾಲರೆನ್ಸ್ ಎಂದು ಕ್ಯಾಮ್‌ನ ಪರದೆಯಲ್ಲಿ ಕೇಳುವ ಅಂಕಿ ಹೆಚ್ಚಾಗಿ ಈ ಕೊಳವೆಯ ಗರಿಷ್ಠ ಗಾತ್ರ.

ಫೈಲ್‌ನ ಬಗೆಯೂ ಇಲ್ಲಿ ಮುಖ್ಯ. ಅಮೆರಿಕದಲ್ಲಿ 1980ರಲ್ಲಿ ಹೊರಬಂದ ಐಜಿಇಎಸ್ ವಿಧಾನದಲ್ಲಿ ಕತ್ತರಿಸಿದ ಮೇಲ್ಮೈಗಳನ್ನು ಬಿಡಿಬಿಡಿಯಾಗಿ ಕಳುಹಿಸುವುದೇ ರೂಢಿಯಾಯಿತು. ಯಾವ ಮೇಲ್ಮೈ ಯಾವುದರ ನೆರೆ ಎಂಬ ಮಾಹಿತಿ ಅದರಲ್ಲಿ ಇರುತ್ತಿರಲಿಲ್ಲ. ಮುಂದಿನ ಆವೃತ್ತಿಗಳು ಘನ ಮಾದರಿಗೆ ಎಡೆ ಮಾಡಿಕೊಟ್ಟರೂ ರೂಢಿ ಪೂರ್ತಿ ಬದಲಾಗಲಿಲ್ಲ. ಅಂಥ ಫೈಲ್ ಬಂದಾಗ ಹೊಲಿಗೆಯ ಟಾಲರೆನ್ಸ್ ನೆರೆಯವರನ್ನು ಹುಡುಕುವ ಕೆಲಸ ಮಾಡುತ್ತದೆ. ಐಎಸ್‌ಒ 10303 ಎಂಬ ಮಾನಕವಾಗಿ 1994ರಿಂದ ಪ್ರಕಟವಾಗುತ್ತ ಬಂದಿರುವ ಸ್ಟೆಪ್ ವಿಧಾನದಲ್ಲಿ ನೆರೆಹೊರೆಯ ಪಟ್ಟಿ ಫೈಲ್‌ನೊಳಗೇ ಇರುತ್ತದೆ. ಅಲ್ಲಿ ಟಾಲರೆನ್ಸ್ ಮಾಡುವುದು ಹುಡುಕಾಟವಲ್ಲ, ಪರಿಶೀಲನೆ: ಕೂಡಿವೆ ಎಂದು ಹೇಳಿರುವ ಅಂಚುಗಳ ನಡುವೆ ಎಷ್ಟು ಸಂದನ್ನು ಸಹಿಸಬಹುದು ಎಂಬುದು. ಒಂದೇ ಅಂಕಿ ಐಜಿಇಎಸ್‌ನಲ್ಲಿ ಅಪಾಯಕಾರಿ, ಸ್ಟೆಪ್‌ನಲ್ಲಿ ನಿರಪಾಯ ಆಗುವುದು ಈ ಕಾರಣಕ್ಕೆ. ಎರಡೂ ವಿಧಾನಗಳಲ್ಲಿ ಕಳುಹಿಸಿದವರ ಅಳತೆಗೋಲನ್ನು ಬರೆದಿಡಲು ಜಾಗವಿದೆ. ಐಜಿಇಎಸ್ ಫೈಲ್‌ನ ಗ್ಲೋಬಲ್ ವಿಭಾಗದ 19ನೆಯ ಅಂಶ ಉದ್ದೇಶಿತ ಕನಿಷ್ಠ ಅಂತರವನ್ನು ಹೇಳುತ್ತದೆ. ಸ್ಟೆಪ್ ಫೈಲ್‌ನಲ್ಲಿ ಉದ್ದದ ಅನಿಶ್ಚಿತತೆ ಎಂಬ ಸಾಲು ಅದನ್ನೇ ಹೇಳುತ್ತದೆ. ಎರಡೂ ಓದಬಹುದಾದ ಪಠ್ಯ ಫೈಲ್‌ಗಳೇ ಆದ್ದರಿಂದ ಯಾವುದೇ ಎಡಿಟರ್‌ನಲ್ಲಿ ತೆರೆದು ಆ ಸಾಲನ್ನು ನೋಡಿಕೊಳ್ಳಬಹುದು.

ಎರಡು ಎಲ್ಲೆಗಳು

ಹೀಗಾಗಿ ಹೊಲಿಗೆಯ ಟಾಲರೆನ್ಸ್‌ನ ಕೆಳ ಎಲ್ಲೆ ಫೈಲ್‌ನಲ್ಲಿ ನಿಜವಾಗಿ ಇರುವ ಅತಿ ದೊಡ್ಡ ಸಂದು. ಮೇಲಿನ ಎಲ್ಲೆ ವಿನ್ಯಾಸಕಾರರು ಬೇಕೆಂದೇ ಇಟ್ಟಿರುವ ಅತಿ ಸಣ್ಣ ಅಂಚು ಅಥವಾ ಅತಿ ಕಿರಿದಾದ ಮುಖ. ಜರಡಿಯ ಕಣ್ಣು ಹಿಟ್ಟಿಗಿಂತ ದೊಡ್ಡದೂ ಕಲ್ಲಿಗಿಂತ ಚಿಕ್ಕದೂ ಇರಬೇಕಾದಂತೆ, ಆರಿಸುವ ಅಂಕಿ ಈ ಎರಡರ ನಡುವೆ ಬೀಳಬೇಕು. ಕೆಳ ಎಲ್ಲೆಗಿಂತ ಕೆಳಗಿಳಿದರೆ ಮುಖಗಳು ಕೂಡುವುದಿಲ್ಲ. ಘನ ಒಡಲಿನ ಬದಲು ತೆರೆದ ಹಾಳೆಗಳ ಗುಂಪು ಬರುತ್ತದೆ. ರಂಧ್ರ, ಪಾಕೆಟ್‌ಗಳನ್ನು ತಾನಾಗಿ ಗುರುತಿಸುವ ಸೌಲಭ್ಯ ಕೈಕೊಡುತ್ತದೆ, ಅಂಚಿನ ಸರಪಳಿ ಆರಿಸಿದರೆ ನಡುವೆ ತುಂಡಾಗುತ್ತದೆ, ಆಫ್‌ಸೆಟ್ ಮಾಡಲು ಹೋದರೆ ಸೋಲುತ್ತದೆ. ಈ ಸೋಲು ಕಣ್ಣಿಗೆ ಕಾಣುತ್ತದೆ. ಮೇಲಿನ ಎಲ್ಲೆಯನ್ನು ದಾಟಿದಾಗ ಆಗುವ ಹಾನಿ ಕಾಣುವುದಿಲ್ಲ, ಆದ್ದರಿಂದಲೇ ಹೆಚ್ಚು ಕೆಟ್ಟದ್ದು. 0.1 ಮಿ.ಮೀ. ಟಾಲರೆನ್ಸ್ ಇಟ್ಟು ಹೊಲಿದರೆ 0.08 ಮಿ.ಮೀ. ಅಗಲದ ಮುಖದ ಎರಡು ಬದಿಗಳೂ ಒಂದೇ ಎಂದು ಎಣಿಕೆಯಾಗಿ ಆ ಮುಖವೇ ಮಾಯವಾಗಬಹುದು. ಮಾದರಿ ಮುಚ್ಚಿದ ಘನವಾಗಿ, ದೋಷವಿಲ್ಲದಂತೆ ಪರದೆಯ ಮೇಲೆ ನಿಲ್ಲುತ್ತದೆ.

ಇದರ ಹಿಂದೆ ಇನ್ನೂ ಆಳದ ಒಂದು ಗಣಿತದ ತೊಡಕಿದೆ. ನಿಜವಾದ ಸಮಾನತೆಯಲ್ಲಿ ಮೊದಲನೆಯದು ಎರಡನೆಯದಕ್ಕೆ ಸಮ, ಎರಡನೆಯದು ಮೂರನೆಯದಕ್ಕೆ ಸಮ ಎಂದಾದರೆ ಮೊದಲನೆಯದು ಮೂರನೆಯದಕ್ಕೂ ಸಮ. ಟಾಲರೆನ್ಸ್‌ನೊಳಗಿನ ಸಮಾನತೆಗೆ ಈ ಗುಣವಿಲ್ಲ. ಸಾಲಾಗಿ 0.08 ಮಿ.ಮೀ. ಅಂತರದಲ್ಲಿ ಐದು ಮೂಲೆಗಳಿದ್ದರೆ, 0.1 ಮಿ.ಮೀ. ಟಾಲರೆನ್ಸ್‌ನಲ್ಲಿ ಪ್ರತಿ ಅಕ್ಕಪಕ್ಕದ ಜೋಡಿಯೂ ಒಂದೇ. ಆದರೆ ಮೊದಲನೆಯದಕ್ಕೂ ಐದನೆಯದಕ್ಕೂ 0.32 ಮಿ.ಮೀ. ಅಂತರವಿದೆ. ತಂತ್ರಾಂಶ ಇವನ್ನು ಯಾವ ಕ್ರಮದಲ್ಲಿ ಕೂಡಿಸುತ್ತದೆ ಎಂಬುದರ ಮೇಲೆ ಫಲಿತಾಂಶ ನಿಲ್ಲುತ್ತದೆ. ಕಂಪ್ಯೂಟರಿನ ಅಂಕಗಣಿತವನ್ನು ಎಷ್ಟು ಸೂಕ್ಷ್ಮಗೊಳಿಸಿದರೂ ಈ ತೊಡಕು ಹೋಗುವುದಿಲ್ಲ, ಏಕೆಂದರೆ ಇದು ಅಂಕಿಯ ದೋಷವಲ್ಲ, ಹತ್ತಿರವಿದ್ದದ್ದನ್ನು ಒಂದೇ ಎಂದು ಕರೆಯುವ ಕ್ರಮದ ಸ್ವಭಾವ. ಹೊಲಿಗೆಯ ಟಾಲರೆನ್ಸ್ ಸಣ್ಣ ಅಂಚುಗಳಿಗಿಂತ ಕೇವಲ ಸ್ವಲ್ಪ ಚಿಕ್ಕದಿದ್ದರೆ ಸಾಲದು, ಬಹಳ ಚಿಕ್ಕದಿರಬೇಕು ಎಂಬ ಸಲಹೆಗೆ ಇದೇ ಆಧಾರ. ಸಂದುಗಳಿಗಿಂತ ಎರಡು ಮೂರು ಪಟ್ಟು ದೊಡ್ಡದು, ಬೇಕಾದ ಅತಿ ಸಣ್ಣ ಅಂಚಿನ ಹತ್ತನೆಯ ಒಂದು ಭಾಗಕ್ಕಿಂತ ಚಿಕ್ಕದು, ಇಂಥ ನಡುವಿನ ಅಂಕಿ ಸಿಕ್ಕರೆ ನಿಶ್ಚಿಂತೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 200 ಮಿ.ಮೀ. ಉದ್ದದ ಅಲ್ಯೂಮಿನಿಯಂ ಹೌಸಿಂಗ್ ಒಂದರ ಸ್ಟೆಪ್ ಫೈಲ್ ಬಂದಿದೆ. ಅದರ ಅನಿಶ್ಚಿತತೆಯ ಸಾಲಿನಲ್ಲಿ 0.001 ಮಿ.ಮೀ. ಎಂದಿದೆ, ಮಾದರಿಯ ಅತಿ ಸಣ್ಣ ಅಂಚು 0.2 ಮಿ.ಮೀ.ಯ ಚೇಂಫರ್‌ನಲ್ಲಿದೆ. 0.00001 ಮಿ.ಮೀ. ಕೊಟ್ಟರೆ ಬಾಗಿದ ಅಂಚುಗಳು ಬಿಟ್ಟುಕೊಳ್ಳುವುದು ಬಹುತೇಕ ಖಚಿತ. 0.1 ಮಿ.ಮೀ. ಕೊಟ್ಟರೆ ಚೇಂಫರ್‌ನ ಆಸುಪಾಸಿನ ಚಿಕ್ಕ ಮುಖಗಳಿಗೆ ಕುತ್ತು. 0.003 ರಿಂದ 0.01 ಮಿ.ಮೀ.ವರೆಗಿನ ಯಾವುದೇ ಅಂಕಿ ಎರಡೂ ಎಲ್ಲೆಗಳಿಂದ ದೂರವಿದ್ದು ಸುರಕ್ಷಿತ. ಇಲ್ಲಿ ಗಮನಿಸಬೇಕಾದದ್ದು, ಈ ಅಂಕಿ ಎಲ್ಲ ಕೆಲಸಕ್ಕೂ ಸಲ್ಲುವ ಸೂತ್ರವಲ್ಲ ಎಂಬುದು. ಗಡಿಯಾರದ ಬಿಡಿಭಾಗದಲ್ಲಿ 0.02 ಮಿ.ಮೀ. ಅಂಚು ಬೇಕೆಂದೇ ಇಟ್ಟದ್ದಾಗಿರಬಹುದು. ಕಾರಿನ ಬಾಗಿಲಿನ ಡೈಯಲ್ಲಿ ಅಷ್ಟೇ ಉದ್ದದ ಅಂಚು ಬಹುಪಾಲು ಕಸ. ಎಲ್ಲೆಗಳನ್ನು ಓದುವ ಕ್ರಮವನ್ನು ಕಲಿಯಬಹುದೇ ಹೊರತು ಅಂಕಿಯನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ.

ಸಂದು ಮುಚ್ಚುವ ಇನ್ನೊಂದು ದಾರಿ ಮೇಲ್ಮೈಯನ್ನೇ ತಿದ್ದುವುದು. ಸ್ಪ್ಲೈನ್ ರೂಪದಲ್ಲಿ ಬಂದ ಮೇಲ್ಮೈ ನಿಜದಲ್ಲಿ ಸಿಲಿಂಡರ್ ಎಂದು ಕಂಡರೆ ಅದನ್ನು ಶುದ್ಧ ಸಿಲಿಂಡರ್ ಆಗಿ ಮರಳಿ ಬರೆದು, ಅಂಚುಗಳನ್ನು ಹೊಸದಾಗಿ ಲೆಕ್ಕ ಹಾಕುವ ಸೌಲಭ್ಯ ಹಲವು ತಂತ್ರಾಂಶಗಳಲ್ಲಿದೆ. ಇದರ ಲಾಭ ದೊಡ್ಡದು: ರಂಧ್ರವನ್ನು ರಂಧ್ರವೆಂದು ತಂತ್ರಾಂಶ ಗುರುತಿಸುತ್ತದೆ, ಟೂಲ್‌ಪಾತ್‌ನಲ್ಲಿ ನೂರಾರು ಚಿಕ್ಕ ಸರಳರೇಖೆಗಳ ಬದಲು ಒಂದೇ ಕಂಸದ ಆಜ್ಞೆ ಬರುತ್ತದೆ. ಅಪಾಯವೂ ಇದೆ. 20 ಮಿ.ಮೀ. ಆಳದಲ್ಲಿ ತ್ರಿಜ್ಯ 0.005 ಮಿ.ಮೀ. ಮಾತ್ರ ಕಿರಿದಾಗುವ ಟೇಪರ್ ಒಂದನ್ನು 0.01 ಮಿ.ಮೀ. ಸರಳೀಕರಣದ ಟಾಲರೆನ್ಸ್ ನೇರ ಸಿಲಿಂಡರ್ ಎಂದೇ ತಿಳಿಯುತ್ತದೆ. ಆದ್ದರಿಂದ ಸರಳೀಕರಣಕ್ಕೆ ಹೊಲಿಗೆಗಿಂತ ಬಿಗಿಯಾದ ಅಂಕಿ ಬೇಕು.

ತ್ರಿಕೋನಗಳು, ಟೂಲ್‌ಪಾತ್ ಮತ್ತು ಯಂತ್ರ

ಕಾರ್ಡಲ್ ಟಾಲರೆನ್ಸ್‌ನ ಸ್ವಭಾವ ಬೇರೆ. ಇಲ್ಲಿ ಚಿಕ್ಕ ಅಂಕಿ ನಿಜವಾಗಿಯೂ ಹೆಚ್ಚಿನ ನಿಖರತೆ ಕೊಡುತ್ತದೆ, ಆದರೆ ಬೆಲೆ ತೆತ್ತು. ವೃತ್ತದ ಕಂಸವನ್ನು ಜ್ಯಾಗಳಿಂದ ಅಂದಾಜಿಸಿದಾಗ ಉಳಿಯುವ ಅಂತರ ಸುಮಾರಾಗಿ ಜ್ಯಾದ ಉದ್ದದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದಷ್ಟು. 50 ಮಿ.ಮೀ. ತ್ರಿಜ್ಯಕ್ಕೆ 0.01 ಮಿ.ಮೀ. ಟಾಲರೆನ್ಸ್ ಇಟ್ಟರೆ ಜ್ಯಾ 2 ಮಿ.ಮೀ., ಪೂರ್ಣ ವೃತ್ತಕ್ಕೆ ಸುಮಾರು 157 ತುಂಡು. ಟಾಲರೆನ್ಸ್ ಹತ್ತರಲ್ಲೊಂದು ಪಾಲಾದರೆ ಜ್ಯಾ 0.63 ಮಿ.ಮೀ., ತುಂಡುಗಳು ಸುಮಾರು 497. ಗೆರೆಯಲ್ಲಿ ಮೂರು ಪಟ್ಟು ಹೆಚ್ಚಿದ್ದು ಎರಡು ದಿಕ್ಕಿನಲ್ಲೂ ಬಾಗಿದ ಮೇಲ್ಮೈಯಲ್ಲಿ ಹತ್ತು ಪಟ್ಟಾಗುತ್ತದೆ. ಬೈನರಿ ಎಸ್‌ಟಿಎಲ್ ಫೈಲ್‌ನಲ್ಲಿ ಪ್ರತಿ ತ್ರಿಕೋನಕ್ಕೆ 50 ಬೈಟ್ ಬೇಕು. ಹತ್ತು ಲಕ್ಷ ತ್ರಿಕೋನಕ್ಕೆ 5 ಕೋಟಿ ಬೈಟ್. ಆ ಫೈಲ್‌ನ ಅಂಕಿಗಳು 32 ಬಿಟ್‌ನವು ಎಂಬುದನ್ನೂ ಮರೆಯುವಂತಿಲ್ಲ. ಕಾರಿನ ದೇಹದ ಮೂಲಬಿಂದುವಿನಿಂದ 3,000 ಮಿ.ಮೀ. ದೂರದಲ್ಲಿ ರಚಿಸಿದ ಬಿಡಿಭಾಗದ ನಿರ್ದೇಶಾಂಕಗಳು ಅಲ್ಲಿ 0.00024 ಮಿ.ಮೀ. ಮೆಟ್ಟಿಲಿನಲ್ಲಿ ಮಾತ್ರ ಬದಲಾಗಬಲ್ಲವು. ಅದಕ್ಕಿಂತ ಚಿಕ್ಕ ಟಾಲರೆನ್ಸ್ ಕೇಳುವುದು ವ್ಯರ್ಥ.

ಟೂಲ್‌ಪಾತ್‌ನ ಟಾಲರೆನ್ಸ್ ತ್ರಿಕೋನಗಳ ಟಾಲರೆನ್ಸ್‌ಗಿಂತ ಬಿಗಿಯಾಗಿದ್ದರೆ ವಿಚಿತ್ರ ಫಲ ಸಿಗುತ್ತದೆ. ಕಟರ್ ಬಾಗಿದ ಮೇಲ್ಮೈಯನ್ನಲ್ಲ, ತ್ರಿಕೋನಗಳ ಸಪಾಟು ಮುಖಗಳನ್ನು ನಿಷ್ಠೆಯಿಂದ ಅನುಸರಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ಒಂದು ಸಪಾಟು ಮುಖದಿಂದ ಇನ್ನೊಂದಕ್ಕೆ ದಿಕ್ಕು ಸುಮಾರು 2.3 ಡಿಗ್ರಿ ಬದಲಾಗುತ್ತದೆ. ಎತ್ತರದ ವ್ಯತ್ಯಾಸ 10 ಮೈಕ್ರಾನ್ ಮಾತ್ರವಾದರೂ ಹೊಳಪು ಕೊಟ್ಟ ಅಚ್ಚಿನ ಮೇಲೆ ಬೆಳಕು ಮುರಿಯುವುದರಿಂದ ಆ ಪಟ್ಟಿಗಳು ಬರಿಗಣ್ಣಿಗೆ ಕಾಣುತ್ತವೆ. ಅಳತೆಯಲ್ಲಿ ಪಾಸಾದ ಅಚ್ಚು ನೋಟದಲ್ಲಿ ಸೋಲುವುದು ಹೀಗೆ. ಆದ್ದರಿಂದ ಹಿಂದಿನ ಹಂತದ ಟಾಲರೆನ್ಸ್ ಮುಂದಿನ ಹಂತದ್ದಕ್ಕಿಂತ ಬಿಗಿಯಾಗಿರಬೇಕು: ತ್ರಿಕೋನಗಳದ್ದು ಟೂಲ್‌ಪಾತ್‌ಗಿಂತ, ಟೂಲ್‌ಪಾತ್‌ನದು ಯಂತ್ರದ ಕಂಟ್ರೋಲರ್‌ಗೆ ಕೊಟ್ಟ ಸಡಿಲಿಕೆಗಿಂತ. ಹೈಡೆನ್‌ಹೈನ್ ಕಂಟ್ರೋಲರ್‌ಗಳ ಸೈಕಲ್ 32, ಸೀಮೆನ್ಸ್‌ನ ಸೈಕಲ್ 832 ಇಂಥ ಸಡಿಲಿಕೆಯನ್ನು ನಿಗದಿ ಮಾಡುವ ಆಜ್ಞೆಗಳೇ. ಇನ್ನೊಂದು ತುದಿಯಲ್ಲಿ ಅತಿ ಬಿಗಿಯೂ ಕೆಡುಕೇ. 5 ಮಿ.ಮೀ. ತ್ರಿಜ್ಯದ ಫಿಲೆಟ್‌ಗೆ 0.0001 ಮಿ.ಮೀ. ಟಾಲರೆನ್ಸ್ ಇಟ್ಟರೆ ಪ್ರತಿ ತುಂಡಿನ ಉದ್ದ 0.063 ಮಿ.ಮೀ. ಫೀಡ್ ನಿಮಿಷಕ್ಕೆ 6,000 ಮಿ.ಮೀ. ಇದ್ದರೆ ಕಂಟ್ರೋಲರ್ ಸೆಕೆಂಡಿಗೆ ಸುಮಾರು 1,580 ಬ್ಲಾಕ್ ಓದಿ ಮುಗಿಸಬೇಕು. ಅಷ್ಟು ವೇಗವಿಲ್ಲದ ಯಂತ್ರ ತಡವರಿಸುತ್ತದೆ, ಫೀಡ್ ಏರಿಳಿಯುತ್ತದೆ, ಮೇಲ್ಮೈಯಲ್ಲಿ ಗುರುತು ಬೀಳುತ್ತದೆ.

ಬಾಲ್‌ನೋಸ್ ಕಟರ್ ಬಿಡುವ ದಿಣ್ಣೆಯ ಎತ್ತರಕ್ಕೂ ಜ್ಯಾದ ಮೇಲಿನ ಸೂತ್ರವೇ ಸಲ್ಲುತ್ತದೆ: ಸಪಾಟು ಜಾಗದಲ್ಲಿ 10 ಮಿ.ಮೀ. ವ್ಯಾಸದ ಕಟರ್ 0.4 ಮಿ.ಮೀ. ಸರಿದು ಸಾಗಿದರೆ ಸಾಲುಗಳ ನಡುವೆ 4 ಮೈಕ್ರಾನ್ ದಿಣ್ಣೆ ಉಳಿಯುತ್ತದೆ, 0.2 ಮಿ.ಮೀ. ಆದರೆ 1 ಮೈಕ್ರಾನ್. ದಿಣ್ಣೆ 4 ಮೈಕ್ರಾನ್ ಇರುವಲ್ಲಿ ತ್ರಿಕೋನಗಳನ್ನು 0.1 ಮೈಕ್ರಾನ್‌ಗೆ ಬಿಗಿಗೊಳಿಸಿ ಸಾಧಿಸುವುದೇನೂ ಇಲ್ಲ. ರಫಿಂಗ್‌ನಲ್ಲಂತೂ ಫಿನಿಶಿಂಗ್‌ಗೆ ಬಿಡುವ ದಪ್ಪಕ್ಕಿಂತ ಟಾಲರೆನ್ಸ್ ಸಾಕಷ್ಟು ಚಿಕ್ಕದಿದ್ದರೆ ಆಯಿತು.

ಆಕ್ಷೇಪಗಳು ಮತ್ತು ಉತ್ತರ

ಕಂಪ್ಯೂಟರ್‌ಗಳು ಈಗ ಶಕ್ತಿಯುತವಾಗಿರುವಾಗ ಎಲ್ಲ ಅಂಕಿಗಳನ್ನೂ ಸಾಧ್ಯವಿದ್ದಷ್ಟು ಬಿಗಿಯಾಗಿ ಇಟ್ಟರೆ ನಷ್ಟವೇನು ಎಂಬುದು ಮೊದಲ ಆಕ್ಷೇಪ. ಕಾರ್ಡಲ್ ಟಾಲರೆನ್ಸ್‌ನ ಮಟ್ಟಿಗೆ ಇದರಲ್ಲಿ ಒಂದಷ್ಟು ಹುರುಳಿದೆ. ಹೊಲಿಗೆಯ ಮಟ್ಟಿಗೆ ಇಲ್ಲ. ಫೈಲ್‌ನಲ್ಲಿ 0.001 ಮಿ.ಮೀ. ಸಂದು ಇದ್ದರೆ ಅದು ಇದ್ದೇ ಇದೆ. ಟಾಲರೆನ್ಸ್ ಇಳಿಸಿದರೆ ಸಂದು ಕಿರಿದಾಗುವುದಿಲ್ಲ, ಅದನ್ನು ಒಪ್ಪಿಕೊಳ್ಳಲು ತಂತ್ರಾಂಶ ನಿರಾಕರಿಸುತ್ತದೆ ಅಷ್ಟೆ. ಭೌತಿಕವಾಗಿ ನೋಡಿದರೂ ಬಿಗಿಗೆ ಅರ್ಥವಿಲ್ಲ. 200 ಮಿ.ಮೀ. ಉದ್ದದ ಅಲ್ಯೂಮಿನಿಯಂ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 4.6 ಮೈಕ್ರಾನ್ ಹಿಗ್ಗುತ್ತದೆ. ಕರ್ನಲ್‌ಗೆ ಬೇಕಿರುವ ಮೈಕ್ರಾನಿನ ನೂರನೆಯ ಪಾಲು ಲೋಹಕ್ಕಾಗಿ ಬೇಕಾದದ್ದಲ್ಲ. ಸಾವಿರಾರು ಲೆಕ್ಕಗಳು ಒಂದರ ಮೇಲೊಂದು ನಡೆದರೂ ತಾಗಿದೆ ಎಂಬ ಉತ್ತರ ಪ್ರತಿ ಸಲವೂ ಒಂದೇ ಬರಲಿ ಎಂಬ ತರ್ಕದ ಅಗತ್ಯಕ್ಕಾಗಿ ಬೇಕಾದದ್ದು.

ಇದಕ್ಕೆ ಎದುರಾದ ಆಕ್ಷೇಪವೂ ಇದೆ: ಟಾಲರೆನ್ಸ್ ಏರಿಸಿದರೆ ಯಾವ ಫೈಲ್ ಆದರೂ ಘನವಾಗಿ ಮುಚ್ಚುತ್ತದೆ, ಕೆಲಸ ಮುಂದೆ ಸಾಗುತ್ತದೆ, ಅದಕ್ಕೇಕೆ ಇಷ್ಟು ಯೋಚನೆ? ಕೆಲಸ ಸಾಗುತ್ತದೆ ಎಂಬುದು ನಿಜ. ಆದರೆ ಮುಚ್ಚಿದ ಘನ ಎಂಬುದು ಸರಿಯಾದ ಘನ ಎಂಬುದಕ್ಕೆ ಸಾಕ್ಷಿಯಲ್ಲ. ಕಳೆದುಹೋದ ಸಣ್ಣ ಮುಖವನ್ನು ಸಿಮ್ಯುಲೇಶನ್ ಕೂಡ ತೋರಿಸಲಾರದು, ಏಕೆಂದರೆ ಅದು ಹೋಲಿಸುವುದು ಆಮದಾದ ಮಾದರಿಯೊಂದಿಗೇ ಹೊರತು ಕಳುಹಿಸಿದವರ ಮಾದರಿಯೊಂದಿಗಲ್ಲ. ಕತ್ತರಿಸುವವರೂ ಪರೀಕ್ಷಿಸುವವರೂ ಒಂದೇ ಕೆಟ್ಟ ಮಾದರಿಯನ್ನು ನಂಬಿದರೆ ತಪ್ಪು ಜೋಡಣೆಯ ತನಕ ಹೊರಬರುವುದಿಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರ. ಮೂರು ಅಕ್ಷದ ಮಿಲ್ಲಿಂಗ್‌ಗೆ ಮೇಲ್ಮೈಗಳು ಸಾಕು, ಟೂಲ್‌ಪಾತ್‌ನ ಟಾಲರೆನ್ಸ್‌ಗಿಂತ ಸಂದು ಚಿಕ್ಕದಿದ್ದರೆ ಕಟರ್ ಅದನ್ನು ಗಮನಿಸುವುದೇ ಇಲ್ಲ, ಹಾಗಿರುವಾಗ ಹೊಲಿಯುವುದೇ ಬೇಡ ಎಂಬ ವಾದವಿದು. ಘನ ಮಾದರಿಗಳು ಬಳಕೆಗೆ ಬರುವ ಮುನ್ನ ಅಚ್ಚು ತಯಾರಕರು ಬಿಡಿ ಮೇಲ್ಮೈಗಳಿಂದಲೇ ಕೆಲಸ ಮಾಡುತ್ತಿದ್ದರು. ಜರ್ಮನಿಯ ವಾಹನೋದ್ಯಮ ರೂಪಿಸಿದ ವಿಡಿಎ-ಎಫ್‌ಎಸ್ ಎಂಬ, 1986ರಲ್ಲಿ ಡಿಐಎನ್ 66301 ಮಾನಕವಾದ ವಿಧಾನ ಮೇಲ್ಮೈಗಳನ್ನು ಸಾಗಿಸಲೆಂದೇ ಇತ್ತು. ಆದ್ದರಿಂದ ಈ ವಾದವನ್ನು ಒಂದು ಮಿತಿಯೊಳಗೆ ಒಪ್ಪಬೇಕು: ಶುದ್ಧ ಮೇಲ್ಮೈ ಫಿನಿಶಿಂಗ್ ಕೆಲಸದಲ್ಲಿ ತೆರೆದ ಅಂಚು ತಾನಾಗಿ ದೋಷವಲ್ಲ. ಮಿತಿ ಎಲ್ಲಿದೆ ಎಂದರೆ, ಒಳಗು ಯಾವುದು ಹೊರಗು ಯಾವುದು ಎಂದು ತಿಳಿಯಬೇಕಾದ ಯಾವ ಲೆಕ್ಕವೂ ತೆರೆದ ಹಾಳೆಗಳ ಮೇಲೆ ನಂಬಿಕೆಯಿಂದ ನಡೆಯದು. ರಂಧ್ರ ಗುರುತಿಸುವುದು, ಉಳಿದ ಲೋಹ ಲೆಕ್ಕ ಹಾಕುವುದು, ಹೋಲ್ಡರ್ ತಾಗುತ್ತದೆಯೇ ಎಂದು ನೋಡುವುದು ಇಂಥವು. ಇಂದಿನ ಕ್ಯಾಮ್‌ನ ಬಹುಪಾಲು ಸ್ವಯಂಚಾಲನೆ ನಿಂತಿರುವುದು ಅವುಗಳ ಮೇಲೆ.

ಕಳುಹಿಸುವವರೂ ಪಡೆಯುವವರೂ ಒಂದೇ ಕರ್ನಲ್ ಬಳಸಿದರೆ ಈ ಸಮಸ್ಯೆಯೇ ಇರದು ಎಂಬುದು ನಾಲ್ಕನೆಯದು. ಒಂದೇ ಕರ್ನಲ್‌ನ ಫೈಲ್ ಸಿಗುವಂತಿದ್ದರೆ ಅದನ್ನೇ ತೆಗೆದುಕೊಳ್ಳುವುದು ಉತ್ತಮ. ಅನುವಾದದ ಒಂದು ಹಂತ ತಪ್ಪುತ್ತದೆ. ಆದರೆ ಮೂಲ ಮಾದರಿಯೇ ಹಿಂದೊಮ್ಮೆ ಬೇರೆಡೆಯಿಂದ ಆಮದಾಗಿದ್ದರೆ ಅದರ ಸಡಿಲ ಅಂಚುಗಳು ಸಡಿಲವಾಗಿಯೇ ಬರುತ್ತವೆ. ವ್ಯವಹಾರದ ವಾಸ್ತವವೂ ಹಾಗಿಲ್ಲ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಯಂತ್ರಕೆಲಸದ ಘಟಕಕ್ಕೆ ವಿಮಾನ, ವಾಹನ, ವೈದ್ಯಕೀಯ ಉಪಕರಣ ತಯಾರಕರು ಬೇರೆ ಬೇರೆ ತಂತ್ರಾಂಶಗಳಿಂದ ಫೈಲ್ ಕಳುಹಿಸುತ್ತಾರೆ. ಅವರ ತಂತ್ರಾಂಶವನ್ನು ಆರಿಸುವ ಅಧಿಕಾರ ಘಟಕಕ್ಕಿಲ್ಲ. ಇದರ ಆರ್ಥಿಕ ಭಾರವೂ ಸಣ್ಣದಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಗಾಗಿ 1999ರಲ್ಲಿ ನಡೆದ ಅಧ್ಯಯನ, ತಂತ್ರಾಂಶಗಳ ನಡುವೆ ದತ್ತಾಂಶ ಸರಿಯಾಗಿ ಹರಿಯದ ಕಾರಣಕ್ಕೆ ಆ ದೇಶದ ವಾಹನೋದ್ಯಮದ ಪೂರೈಕೆ ಸರಪಳಿ ವರ್ಷಕ್ಕೆ ಕನಿಷ್ಠ 100 ಕೋಟಿ ಡಾಲರ್ ಕಳೆದುಕೊಳ್ಳುತ್ತಿದೆ ಎಂದು ಅಂದಾಜಿಸಿತು. ಟಾಲರೆನ್ಸ್‌ನ ಹೊಂದಾಣಿಕೆಯಿಲ್ಲದಿರುವುದು ಅದರ ಹಲವು ಕಾರಣಗಳಲ್ಲಿ ಒಂದು ಮಾತ್ರ. ಜರ್ಮನಿಯ ವಿಡಿಎ 4955 ಶಿಫಾರಸು, ವಾಹನೋದ್ಯಮದ ಅಂತರರಾಷ್ಟ್ರೀಯ ಗುಂಪಾದ ಸಾಸಿಗ್‌ನ ಮಾರ್ಗಸೂಚಿಗಳು ಸಂದು, ಅತಿಸಣ್ಣ ಅಂಚು, ಕಿರಿದಾದ ಮುಖ ಇವುಗಳನ್ನು ಕಳುಹಿಸುವ ಮುನ್ನವೇ ಪರೀಕ್ಷಿಸಬೇಕಾದ ದೋಷಗಳೆಂದು ಪಟ್ಟಿ ಮಾಡಿರುವುದಕ್ಕೆ ಹಿನ್ನೆಲೆ ಈ ಬಗೆಯ ಅನುಭವವೇ.

ಆಯ್ಕೆಯ ಕ್ರಮ

ಈ ವಾದದಿಂದ ಹೊರಡುವ ಕ್ರಮ ಹೀಗಿದೆ. ಮೊದಲು ಏಕಮಾನ ನೋಡಬೇಕು; 0.001 ಎಂಬ ಅಂಕಿ ಇಂಚಿನದಾದರೆ 0.0254 ಮಿ.ಮೀ., ಅಂದರೆ 25.4 ಪಟ್ಟು ಸಡಿಲ. ಆಮೇಲೆ ಫೈಲ್‌ನ ಅನಿಶ್ಚಿತತೆಯ ಸಾಲನ್ನೂ ಅದನ್ನು ಬರೆದ ತಂತ್ರಾಂಶದ ಹೆಸರನ್ನೂ ಓದಿ ಕೆಳ ಎಲ್ಲೆಯನ್ನು ಅಂದಾಜಿಸಬೇಕು. ಆ ಸಾಲಿನ ಅಂಕಿಯನ್ನು ಕೆಲವು ತಂತ್ರಾಂಶಗಳು ಮಾದರಿಯನ್ನು ನೋಡದೆ ರೂಢಿಯಂತೆ ಬರೆಯುವುದರಿಂದ ಅದು ಆರಂಭದ ಸೂಚನೆಯೇ ಹೊರತು ಪ್ರಮಾಣಪತ್ರವಲ್ಲ. ಹೊಲಿದ ಮೇಲೆ ತೆರೆದ ಅಂಚುಗಳೆಷ್ಟು ಉಳಿದವು ಎಂದು ಎಣಿಸಿ, ಉಳಿದಿದ್ದರೆ ಹಂತಹಂತವಾಗಿ ಸಡಿಲಿಸಬೇಕು. ಒಮ್ಮೆಗೇ ದೊಡ್ಡ ಅಂಕಿಗೆ ಹಾರಬಾರದು. ಎರಡು ಮೂರು ಅಂಚುಗಳು ಮಾತ್ರ ಹಟ ಹಿಡಿದರೆ ಅವಕ್ಕಾಗಿ ಇಡೀ ಮಾದರಿಯನ್ನು ಸಡಿಲಿಸದೆ ಅಲ್ಲಿನ ಮುಖವನ್ನಷ್ಟೇ ಕೈಯಿಂದ ಸರಿಪಡಿಸುವುದು ಮೇಲು. ನಕಾಶೆಯ ಅತಿ ಬಿಗಿಯಾದ ಅಳತೆಯ ಹತ್ತನೆಯ ಒಂದು ಪಾಲನ್ನು ತಂತ್ರಾಂಶದ ಎಲ್ಲ ದೋಷಗಳಿಗೂ ಸೇರಿ ಮೀಸಲಿಡುವುದು ವಿವೇಕದ ಅಂದಾಜು. 25 ಮೈಕ್ರಾನ್ ಎಡೆಯಿರುವ ಅಳತೆಗೆ ಅದು 2.5 ಮೈಕ್ರಾನ್. ಹೊಲಿಗೆಯ ದೋಷ ಅಂಚಿನ ಸುತ್ತ ಮಾತ್ರ ಇರುವುದರಿಂದ, ಬೋರಿಂಗ್ ಮಾಡಿದ ರಂಧ್ರದ ವ್ಯಾಸದಂಥ ಅಳತೆಗಳನ್ನು ಅದು ಮುಟ್ಟುವುದಿಲ್ಲ ಎಂಬುದನ್ನು ನೆನಪಿಟ್ಟರೆ ಈ ಮೀಸಲನ್ನು ತ್ರಿಕೋನ ಮತ್ತು ಟೂಲ್‌ಪಾತ್‌ಗಳ ನಡುವೆ ಹಂಚಬಹುದು.

ಆಯ್ಕೆ ಸರಿಯಾಯಿತೇ ಎಂಬುದನ್ನು ತಿಳಿಯುವ ದಾರಿ ಹೋಲಿಕೆ. ಘನಗಾತ್ರ, ಮೇಲ್ಮೈಯ ಒಟ್ಟು ವಿಸ್ತೀರ್ಣ, ಗುರುತ್ವಕೇಂದ್ರ ಇವುಗಳನ್ನು ಮೂಲ ತಂತ್ರಾಂಶವೇ ಲೆಕ್ಕ ಹಾಕಿ ಸ್ಟೆಪ್ ಫೈಲ್‌ನೊಳಗೆ ಬರೆದು ಕಳುಹಿಸುವ ಪದ್ಧತಿಯಿದೆ; ಪಡೆದ ತಂತ್ರಾಂಶ ತನ್ನ ಲೆಕ್ಕವನ್ನು ಅದರೊಂದಿಗೆ ಹೋಲಿಸುತ್ತದೆ. ಆ ಅಂಕಿಗಳು ಬಾರದಿದ್ದರೆ ಕಳುಹಿಸಿದವರಿಂದ ಕೇಳಿ ಪಡೆಯಬಹುದು. ಮುಖಗಳ ಸಂಖ್ಯೆಯನ್ನೂ ಜತೆಗೆ ಕೇಳಿದರೆ ಒಳ್ಳೆಯದು, ಏಕೆಂದರೆ 0.08 ಮಿ.ಮೀ. ಮುಖವೊಂದು ಮಾಯವಾದದ್ದನ್ನು ಘನಗಾತ್ರ ತೋರಿಸದಿರಬಹುದು, ಎಣಿಕೆ ತೋರಿಸುತ್ತದೆ. ಸರಳೀಕರಣದಲ್ಲಿ ಮುಖಗಳು ಒಂದಾಗಿದ್ದರೆ ಮಾತ್ರ ಎಣಿಕೆಯ ವ್ಯತ್ಯಾಸಕ್ಕೆ ಬೇರೆ ವಿವರಣೆ ಬೇಕು. ಟಾಲರೆನ್ಸ್ ಆಯ್ಕೆಯನ್ನು ಕ್ಯಾಮ್ ಪರದೆಯ ಒಂದು ಖಾಲಿ ಜಾಗ ತುಂಬುವ ಕೆಲಸವೆಂದು ಬಗೆದರೆ ಅದಕ್ಕೆ ಉತ್ತರವಿಲ್ಲ. ಒಬ್ಬರು ಮುಚ್ಚಿದೆ ಎಂದು ಘೋಷಿಸಿದ ಮಾದರಿಯನ್ನು ಇನ್ನೊಬ್ಬರು ಯಾವ ಷರತ್ತಿನ ಮೇಲೆ ಒಪ್ಪಿಕೊಳ್ಳುತ್ತಾರೆ ಎಂಬ ಒಪ್ಪಂದವೆಂದು ಬಗೆದರೆ, ಷರತ್ತಿನ ಎರಡೂ ತುದಿಗಳು ಫೈಲ್‌ನಲ್ಲಿ ಸಿಗುತ್ತವೆ, ಪಾಲನೆಯಾಯಿತೇ ಎಂದು ಅಳೆದು ನೋಡಲು ಅಂಕಿಗಳೂ ಸಿಗುತ್ತವೆ.